ಕಯಾಕ್ ಅಲ್ಲಾಡಿದರೆ ಅಲ್ಲಾಡಲಿ ಬಿಡಿ

ಕಯಾಕ್ ಅಂದರೆ ಕೂತು ಹುಟ್ಟು ಹಾಕುವ ಸಣ್ಣ, ಕಿರಿದಾದ ದೋಣಿ. ಮೊದಲ ಕಯಾಕ್ ಕೊಳ್ಳಲು ಹೊರಟವರೆಲ್ಲ ಒಂದು ಪರೀಕ್ಷೆ ಮಾಡುತ್ತಾರೆ. ಒಳಗೆ ಕೂತು ಸೊಂಟ ಆಡಿಸಿ ನೋಡುತ್ತಾರೆ. ಅಲ್ಲಾಡಿದರೆ "ಅಯ್ಯೋ, ಇದು ಬೇಡ". ಅಲ್ಲಾಡದಿದ್ದರೆ "ಇದೇ ಸೇಫ್". ಈ ಪರೀಕ್ಷೆಯನ್ನು ಕಂಡರೆ ನನಗೆ ರೇಗುತ್ತದೆ. ಅದು ಪೂರ್ತಿ ಸುಳ್ಳಲ್ಲ, ಅರ್ಧ ಸತ್ಯ. ನೀರಿನ ಮೇಲೆ ಅರ್ಧ ಸತ್ಯ ಜಾಸ್ತಿ ಅಪಾಯ.

ದೋಣಿ ಮಗುಚದೆ ನಿಲ್ಲುವುದು ಹೇಗೆ? ನಿಮ್ಮ ಮತ್ತು ದೋಣಿಯ ತೂಕ ಒಂದು ಬಿಂದುವಿನಿಂದ ಕೆಳಕ್ಕೆ ಎಳೆಯುತ್ತದೆ. ನೀರು ಇನ್ನೊಂದು ಬಿಂದುವಿನಿಂದ ಮೇಲಕ್ಕೆ ತಳ್ಳುತ್ತದೆ. ದೋಣಿ ಎಡಕ್ಕೆ ವಾಲಿದಾಗ ಎಡಬದಿ ಜಾಸ್ತಿ ಮುಳುಗುತ್ತದೆ, ತಳ್ಳುವ ಬಿಂದುವೂ ಎಡಕ್ಕೆ ಸರಿಯುತ್ತದೆ. ಬಸ್ಸು ತಿರುಗುವಾಗ ನಾವು ಕಾಲು ಅಗಲಿಸಿ ಊರುತ್ತೇವಲ್ಲ, ಹಾಗೆ. ಇನ್ನೂ ಒಳ್ಳೆಯ ಹೋಲಿಕೆ ತೂಗುಕುರ್ಚಿ. ಅದರ ಕೆಳಗಿನ ಬಾಗಿದ ಪಟ್ಟಿ ಒಂದು ದೊಡ್ಡ ವೃತ್ತದ ತುಂಡು. ಆ ವೃತ್ತದ ಕೇಂದ್ರ ಎಲ್ಲೋ ಮೇಲೆ, ಗಾಳಿಯಲ್ಲಿ ಇರುತ್ತದೆ. ಕೂತವರ ತೂಕದ ಬಿಂದು ಆ ಕೇಂದ್ರಕ್ಕಿಂತ ಕೆಳಗಿದ್ದರೆ ಕುರ್ಚಿ ವಾಲಿ ವಾಪಸ್ ಬರುತ್ತದೆ. ಮೇಲಿದ್ದರೆ ಉರುಳುತ್ತದೆ. ದೋಣಿಗೂ ಹೀಗೇ ಒಂದು ಅದೃಶ್ಯ ತೂಗುಪಟ್ಟಿ ಇದೆ. ಅದರ ಕೇಂದ್ರದ ಹೆಸರು ಮೆಟಾಸೆಂಟರ್.

ಈಗ ನನಗೆ ತುಂಬಾ ಇಷ್ಟವಾದ ಲೆಕ್ಕ. ಆ ಅದೃಶ್ಯ ಪಟ್ಟಿಯ ತ್ರಿಜ್ಯ ದೋಣಿಯ ಅಗಲದ ಘನಕ್ಕೆ ತಕ್ಕಂತೆ ಬೆಳೆಯುತ್ತದೆ. ಬೇರೆಲ್ಲ ಒಂದೇ ಇದ್ದು, 60 ಸೆಂ.ಮೀ. ಅಗಲವನ್ನು 75 ಮಾಡಿದಿರಿ ಅನ್ನಿ. ಹೆಚ್ಚಾದದ್ದು ಕಾಲು ಪಾಲು ಮಾತ್ರ. ಆದರೆ 1.25 × 1.25 × 1.25 ಅಂದರೆ 1.95, ಹೆಚ್ಚುಕಡಿಮೆ ದುಪ್ಪಟ್ಟು! ಉದ್ದ ಹೆಚ್ಚಿಸಿದರೆ ಈ ಜಾದೂ ಇಲ್ಲ. ಕೂರುವ ಎತ್ತರವೂ ಇದೇ ಲೆಕ್ಕಕ್ಕೆ ಸೇರಿದೆ. ಸೀಟಿನ ಮೇಲೆ ಸುಮ್ನೆ ಒಂದು ದಪ್ಪ ದಿಂಬು ಹಾಕಿ ನೋಡಿ. ಅದೇ ದೋಣಿ, ಅದೇ ನೀರು, ಆದರೆ ಎದೆ ಝಲ್ಲೆನ್ನುತ್ತದೆ.

ಅಲ್ಲಾಡಿಸಿ ನೋಡುವ ಪರೀಕ್ಷೆಗೆ ದೊಡ್ಡ ಇತಿಹಾಸವೇ ಇದೆ. 1628ರಲ್ಲಿ ಸ್ವೀಡನ್ನಿನ ಯುದ್ಧನೌಕೆ ವಾಸಾ ಹೊರಡುವ ಮುಂಚೆ 30 ನಾವಿಕರನ್ನು ಅದರ ಮೇಲೆ ಆ ಬದಿಯಿಂದ ಈ ಬದಿಗೆ ಓಡಿಸಿದರು. ಮೂರು ಸಲ ಓಡುವಷ್ಟರಲ್ಲಿ ಹಡಗು ಹೇಗೆ ತೂಗಾಡಿತೆಂದರೆ, ಅಲ್ಲೇ ಮಗುಚೀತು ಎಂದು ನಿಲ್ಲಿಸಿಬಿಟ್ಟರು. ಆದರೂ ಹಡಗನ್ನು ಹೊರಡಿಸಿದರು. ಸ್ಟಾಕ್‌ಹೋಮ್ ಬಂದರಿನೊಳಗೇ, ಸುಮಾರು 1300 ಮೀಟರ್ ಹೋಗುವಷ್ಟರಲ್ಲಿ ಅದು ಮುಳುಗಿತು. ಮೆಟಾಸೆಂಟರ್ ಲೆಕ್ಕವನ್ನು ಫ್ರಾನ್ಸಿನ ವಿಜ್ಞಾನಿ ಪಿಯೆರ್ ಬುಗೇರ್ ಪ್ರಕಟಿಸಿದ್ದು 1746ರಲ್ಲಿ. ತಮಾಷೆ ಅಂದ್ರೆ, ಆತ ಅದಕ್ಕೆ ಮುಂಚೆ ವರ್ಷಗಟ್ಟಲೆ ಭೂಮಿಯ ಆಕಾರ ಅಳೆಯಲು ಆಂಡೀಸ್ ಬೆಟ್ಟಗಳಲ್ಲಿ ಅಲೆಯುತ್ತಿದ್ದ.

ಹಾಗಾದರೆ ಅಗಲವಾದ ಕಯಾಕೇ ಒಳ್ಳೆಯದು, ಅಲ್ವಾ? ನಿಂತ ನೀರಿನಲ್ಲಿ ಹೌದು. ಅಲೆಗಳಲ್ಲಿ ಕಥೆ ಬೇರೆ. ಮೂರು ಚಕ್ರದ ಸೈಕಲ್ ಮಟ್ಟಸ ನೆಲದಲ್ಲಿ ಬೀಳುವುದೇ ಇಲ್ಲ. ಅದನ್ನು ಒಂದು ಬದಿಗೆ ಇಳಿಜಾರಾದ ರಸ್ತೆಗೆ ತನ್ನಿ. ರಸ್ತೆ ಎತ್ತ ವಾಲಿದೆಯೋ ಅದೂ ಅತ್ತಲೇ ವಾಲುತ್ತದೆ. ಎರಡು ಚಕ್ರದ್ದು ಹಾಗಲ್ಲ. ಸವಾರ ಅದನ್ನು ನೆಟ್ಟಗೆ ಇಟ್ಟುಕೊಳ್ಳಬಲ್ಲ. ಅಗಲವಾದ ಚಪ್ಪಟೆ ತಳದ ಕಯಾಕ್ ನೀರಿನ ಮೇಲ್ಮೈಗೆ ಅಂಟಿಕೊಳ್ಳುತ್ತದೆ. ಪಕ್ಕದಿಂದ ಕಡಿದಾದ ಅಲೆ ಬಂದರೆ ಅದರ ಇಳಿಜಾರಿನ ಜೊತೆ ತಾನೂ ವಾಲುತ್ತದೆ. ಕಿರಿದಾದ, ದುಂಡು ತಳದ ದೋಣಿ ಸದಾ ಅಲ್ಲಾಡುತ್ತಿದ್ದರೂ ಅಲೆ ಅದರಡಿ ಹಾದುಹೋಗುತ್ತದೆ, ನೀವು ನೆಟ್ಟಗೇ ಇರುತ್ತೀರಿ. ಉತ್ತರ ಧ್ರುವದ ಸುತ್ತಲಿನ ಇನುಯಿಟ್ ಜನ ಸೀಲ್ ಎಂಬ ಕಡಲಪ್ರಾಣಿಯ ತೊಗಲಿನ ಕಯಾಕುಗಳನ್ನು ಇಷ್ಟು ಕಿರಿದಾಗಿ ಕಟ್ಟಿದ್ದು ಸುಮ್ನೆ ಅಲ್ಲ. ಅವರು ಅಳತೆಪಟ್ಟಿ ಹಿಡಿಯಲಿಲ್ಲ. ದೋಣಿಯ ಅಳತೆ ತೆಗೆದದ್ದು ಅದರಲ್ಲಿ ಕೂರುವವನ ತೋಳು, ಸೊಂಟ, ಮುಷ್ಟಿಯಿಂದಲೇ. ದರ್ಜಿ ಅಂಗಿ ಹೊಲಿದ ಹಾಗೆ.

ನೀವು ಸೀಲ್ ಬೇಟೆಗೆ ಹೊರಟಿಲ್ಲ, ಗೊತ್ತು. ಕೆರೆ, ಹಿನ್ನೀರು, ನಿಧಾನವಾಗಿ ಹರಿಯುವ ನದಿ ನಿಮ್ಮ ಗುರಿಯಾದರೆ 70ರಿಂದ 75 ಸೆಂ.ಮೀ. ಅಗಲ, 3ರಿಂದ 3.6 ಮೀಟರ್ ಉದ್ದ ಸಾಕು. ಅದನ್ನು ಸಮುದ್ರಕ್ಕೆ ಒಯ್ಯಬೇಡಿ, ಅಷ್ಟೇ. ಇನ್ನೂ ಅಗಲ ಬೇಕೆಂದು ಆಸೆಪಟ್ಟರೆ ಹುಟ್ಟು ಹಾಕುವಾಗ ಹೆಬ್ಬೆರಳಿನ ಗೆಣ್ಣು ಅಂಚಿಗೆ ತರಚುತ್ತದೆ. ಅದಕ್ಕೇ ಅಗಲವಾದ ದೋಣಿಗೆ 230–240 ಸೆಂ.ಮೀ. ಉದ್ದದ ಹುಟ್ಟು ಬೇಕಾಗುತ್ತದೆ. ದುಡ್ಡು ಮಿಕ್ಕಿದರೆ ಹಗುರವಾದ ಹುಟ್ಟಿಗೆ ಹಾಕಿ. ನಿಮಿಷಕ್ಕೆ 40 ಸಲ ಬೀಸಿದರೆ ಗಂಟೆಗೆ 2400. ಹುಟ್ಟು 300 ಗ್ರಾಂ ಹಗುರವಾದರೆ ಭುಜಕ್ಕೆ ಒಟ್ಟು 720 ಕಿಲೋ ಎತ್ತುವ ಕೆಲಸ ಉಳಿಯಿತು!

ನನ್ನ ಮೊದಲ ಕಯಾಕ್ ಒಳಗೆ ಕಾಲು ಚಾಚಿ ಕೂರುವಂಥದ್ದು, ಬಾಯಿ ದೊಡ್ಡದು. ಎದೆಮಟ್ಟದ ನೀರಿನಲ್ಲಿ ಮಗುಚಿತು. ನೆಟ್ಟಗೆ ಮಾಡಿ ಹತ್ತಲು ಹೋದೆ, ಮತ್ತೆ ಮಗುಚಿತು. ಮೂರನೇ ಸಲವೂ ಅಷ್ಟೇ. ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತೇವೆ. ಅರೆತುಂಬಿದ ಕಯಾಕ್ ಮಾತ್ರ ಭಯಂಕರವಾಗಿ ತುಳುಕುತ್ತದೆ. ದೋಣಿ ಯಾವ ಕಡೆ ವಾಲಿದರೆ ಒಳಗಿನ ನೀರೆಲ್ಲ ಆ ಕಡೆಗೇ ಓಡಿ ಇನ್ನಷ್ಟು ವಾಲಿಸುತ್ತದೆ. ಅದರಲ್ಲಿ 150 ಲೀಟರ್ ನೀರಿದ್ದರೆ 150 ಕಿಲೋ. ಎತ್ತಿ ಸುರಿಯುವ ಮಾತೇ ಇಲ್ಲ. ದಡದವರೆಗೆ ಎಳೆದುಕೊಂಡು ಬಂದೆ. ಕೊಳ್ಳುವಾಗ ಹಿಂದೆ ಮುಂದೆ ನೀರು ನುಗ್ಗದ ಅಡ್ಡಗೋಡೆ ಇದೆಯೇ ನೋಡಿ. ಇಲ್ಲದಿದ್ದರೆ ಎರಡೂ ತುದಿಗೆ ಗಾಳಿಚೀಲ ತುರುಕಿ. ನೀರು ಬೆಚ್ಚಗಿರುವ ಕಡೆ ನನ್ನ ಓಟು ಸಿಟ್-ಆನ್-ಟಾಪ್‌ಗೆ. ಮೇಲೆ ಕೂರುವ ಮುಚ್ಚಿದ ದೋಣಿ ಅದು. ಬಿದ್ದ ನೀರು ತೂತುಗಳಿಂದ ತಾನೇ ಇಳಿದುಹೋಗುತ್ತದೆ, ಬಿದ್ದವರೂ ಹತ್ತಿಕೊಳ್ಳಬಹುದು.

"ನಂಗೆ ಈಜು ಬರುತ್ತೆ, ಲೈಫ್ ಜಾಕೆಟ್ ಯಾಕೆ?" ಈ ಮಾತಿಗೆ ಉತ್ತರ ಕೊಟ್ಟು ಸುಸ್ತಾಗಿದೆ. ದೇಹದ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ. ಮೂಗು ಬಾಯಿ ಮೇಲಿರಲು ಕೊರತೆ ಬೀಳುವುದು ನಾಲ್ಕೈದು ಕಿಲೋ ಎತ್ತುವ ಬಲ ಅಷ್ಟೇ. 50 ನ್ಯೂಟನ್ ಎಂದು ಬರೆದ ಜಾಕೆಟ್ ತುಂಬುವುದು ಅದನ್ನೇ. ತಣ್ಣನೆ ನೀರಿಗೆ ದಿಢೀರನೆ ಬಿದ್ದರೆ ನಿಮಗೆ ಬೇಡದಿದ್ದರೂ ಒಂದು ದೊಡ್ಡ ಉಸಿರು ಒಳಕ್ಕೆ ಹೋಗುತ್ತದೆ. ಆ ಕ್ಷಣ ಮುಖ ನೀರೊಳಗಿದ್ದರೆ? ಈಜು ನೆನಪಾಗುವುದು ಆಮೇಲೆ. ನೀರು ಗಾಳಿಗಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಆದ್ದರಿಂದ ಬಟ್ಟೆ ತೊಡುವಾಗ ಬಿಸಿಲನ್ನಲ್ಲ, ನೀರನ್ನು ಮುಟ್ಟಿ ನೋಡಿ. ಒದ್ದೆಯಾದರೆ ಬೇಗ ಒಣಗದ ಹತ್ತಿ ಬಟ್ಟೆ ಬೇಡ.

ಹೊಸ ಕಯಾಕ್ ಬಂದ ದಿನ ದೂರ ಹೋಗಬೇಡಿ. ಜಾಕೆಟ್ ಬಿಗಿದು, ಜೊತೆಗೊಬ್ಬರನ್ನು ನಿಲ್ಲಿಸಿಕೊಂಡು, ಎದೆಮಟ್ಟದ ನೀರಿನಲ್ಲಿ ಕೂತು ಸೊಂಟದಿಂದ ನಿಧಾನಕ್ಕೆ ವಾಲಿಸಿ. ಅಂಚು ನೀರು ಮುಟ್ಟಲಿ. ಇನ್ನೂ ಸ್ವಲ್ಪ. ಎಲ್ಲಿಯವರೆಗೆ ಅದು ನಿಮ್ಮನ್ನು ವಾಪಸ್ ತಳ್ಳುತ್ತದೆ, ಎಲ್ಲಿ ಕೈಬಿಡುತ್ತದೆ ಎನ್ನುವುದು ಆಗ ಸೊಂಟಕ್ಕೇ ತಿಳಿಯುತ್ತದೆ. ಮಗುಚಿತಾ? ಸರಿ, ಈಗ ಹತ್ತಿ ನೋಡಿ.