ಉಬ್ಬಸದ ಹೊಸ ಇಂಜೆಕ್ಷನ್ ಯಾರಿಗೆ?

ಮೆಪೊಲಿಜುಮ್ಯಾಬ್ ಎಂಬ ಇಂಜೆಕ್ಷನ್ ಮೊದಲು ಸೋತಿತ್ತು. 2000ದಲ್ಲಿ ಬಂದ ಪರೀಕ್ಷೆಯ ಫಲಿತಾಂಶದಲ್ಲಿ ರಕ್ತದ ಇಯೊಸಿನೊಫಿಲ್ ಕಣಗಳೇನೋ ಇಳಿದಿದ್ದವು. ಉಸಿರಾಟ ಮಾತ್ರ ಸುಧಾರಿಸಿರಲಿಲ್ಲ.

ಇಯೊಸಿನೊಫಿಲ್ ಒಂದು ಬಗೆಯ ಬಿಳಿ ರಕ್ತಕಣ. ಹೊಟ್ಟೆಹುಳುಗಳಂಥವು ಒಳಹೊಕ್ಕಾಗ ಹೋರಾಡುವ ಕಣ ಇದು. ಉಬ್ಬಸ ಇರುವ ಕೆಲವರಲ್ಲಿ ಇವು ಶ್ವಾಸನಾಳದಲ್ಲಿ ಸೇರಿಕೊಂಡು ಊತ ತರುತ್ತವೆ. ಇವನ್ನು ಬೆಳೆಸಿ, ಬದುಕಿಸಿಡುವುದು ಐಎಲ್-5 ಎಂಬ ಪ್ರೋಟೀನ್. ಇಂಜೆಕ್ಷನ್ ಹೋಗಿ ಹಿಡಿಯುವುದು ಅದನ್ನೇ.

2009ರಲ್ಲಿ ಇಂಗ್ಲೆಂಡಿನ ಲೆಸ್ಟರ್ ಮತ್ತು ಕೆನಡಾದ ಹ್ಯಾಮಿಲ್ಟನ್‌ನ ವೈದ್ಯರು ಬೇರೆ ಫಲಿತಾಂಶ ತಂದರು. ಊತ ಇಳಿಸುವ ಸ್ಟೀರಾಯ್ಡ್ ಔಷಧಿ ತಗೊಂಡರೂ ಈ ಕಣಗಳು ಜಾಸ್ತಿಯೇ ಇದ್ದ ರೋಗಿಗಳನ್ನು ಅವರು ಆರಿಸಿಕೊಂಡಿದ್ದರು. ಲೆಸ್ಟರ್‌ನಲ್ಲಿ ಔಷಧಿ ಇಲ್ಲದ ಇಂಜೆಕ್ಷನ್ ಪಡೆದವರಿಗೆ ವರ್ಷಕ್ಕೆ ಸರಾಸರಿ 3.4 ಸಲ ಉಬ್ಬಸ ಉಲ್ಬಣಿಸಿತು. ಔಷಧಿ ಪಡೆದವರಿಗೆ 2 ಸಲ. ಔಷಧಿ ಅದೇ, ರೋಗಿಗಳು ಬೇರೆ! 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ನನಗೆ ಈ ಕಥೆ ತುಂಬ ಇಷ್ಟ. ಉಬ್ಬಸ ಅಂತ ನಾವು ಕರೆಯುವುದು ಒಂದೇ ಕಾಯಿಲೆಯಲ್ಲ ಅನ್ನುವುದು ಇಲ್ಲಿ ಕಣ್ಣಿಗೆ ಕಟ್ಟುತ್ತದೆ.

ಆಮೇಲೆ ಬೆನ್ರಲಿಜುಮ್ಯಾಬ್, ಡುಪಿಲುಮ್ಯಾಬ್ ಎಂಬ ಇಂಜೆಕ್ಷನ್‌ಗಳೂ ಬಂದವು. 2021ರಲ್ಲಿ ಒಪ್ಪಿಗೆ ಪಡೆದ ಟೆಜೆಪೆಲುಮ್ಯಾಬ್ ಇನ್ನೂ ಮೇಲಿನ ಹಂತದಲ್ಲೇ ಕೈಹಾಕುತ್ತದೆ. ಧೂಳು, ವೈರಸ್ ತಾಗಿದಾಗ ಶ್ವಾಸನಾಳದ ಒಳಪದರ ಕೊಡುವ ಎಚ್ಚರಿಕೆಯನ್ನೇ ತಡೆಯುತ್ತದೆ. ಹಾಗಾಗಿ ಇಯೊಸಿನೊಫಿಲ್ ಕಡಿಮೆ ಇರುವವರಿಗೂ ಸ್ವಲ್ಪ ಆಸರೆಯಾಗುತ್ತದೆ.

ಇಯೊಸಿನೊಫಿಲ್ ಎಣಿಸಲು ಸಾಮಾನ್ಯ ರಕ್ತಪರೀಕ್ಷೆ ಸಾಕು. ಆದರೆ ನಮ್ಮಲ್ಲಿ ಒಂದು ತೊಡಕಿದೆ. ಕೊಕ್ಕೆಹುಳು ಇದ್ದರೂ ಈ ಎಣಿಕೆ ಏರುತ್ತದೆ, ಆನೆಕಾಲು ರೋಗದ ಹುಳುವಿನಿಂದಲೂ ಏರುತ್ತದೆ. ಇತ್ತ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದರೆ ಇಳಿದುಬಿಡುತ್ತದೆ. ಒಂದೇ ವರದಿ ನೋಡಿ ತೀರ್ಮಾನಿಸುವುದು ಸರಿಯಲ್ಲ.

ಈ ಇಂಜೆಕ್ಷನ್‌ಗಳು ದುಬಾರಿ. ಬೇಕಾಗುವುದೂ ತೀವ್ರ ಉಬ್ಬಸದ ಕೆಲವೇ ಜನರಿಗೆ. ಉಳಿದ ಹೆಚ್ಚಿನವರಿಗೆ ಸ್ಟೀರಾಯ್ಡ್ ಇರುವ ಇನ್ಹೇಲರ್ ಸಾಕು. ಆದರೆ "ಪಂಪ್ ಶುರು ಮಾಡಿದರೆ ಬಿಡೋಕಾಗಲ್ಲ" ಅಂತ ಎಷ್ಟೋ ಮನೆಗಳಲ್ಲಿ ಹೆದರುತ್ತಾರೆ, ಅಲ್ವಾ? ಮಾತ್ರೆಯಲ್ಲಿ ಸ್ಟೀರಾಯ್ಡ್ ಮಿಲಿಗ್ರಾಂ ಲೆಕ್ಕದಲ್ಲಿ ಹೋಗುತ್ತದೆ, ಪಂಪ್‌ನಲ್ಲಿ ಮೈಕ್ರೋಗ್ರಾಂ, ಅಂದರೆ ಮಿಲಿಗ್ರಾಂನ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ. ಅಷ್ಟು ಹೆದರಬೇಕಿಲ್ಲ. ತಕ್ಷಣ ಆರಾಮ ಕೊಡುವ ಸಾಲ್ಬುಟಮಾಲ್ ಪಂಪ್ ಒಂದನ್ನೇ ನಂಬಿಕೊಳ್ಳಬೇಡಿ ಎಂದು 2019ರಿಂದ ಜಾಗತಿಕ ಮಾರ್ಗಸೂಚಿಯೂ ಹೇಳುತ್ತಿದೆ. ಅದು ಊತ ಇಳಿಸುವುದಿಲ್ಲ.

ಇಷ್ಟಾದರೂ ಉಬ್ಬಸ ಬಿಡದಿದ್ದರೆ, ಒಳ್ಳೆಯ ವೈದ್ಯರು ಮೊದಲು ನಿಮ್ಮ ಕೈಗೆ ಪಂಪ್ ಕೊಟ್ಟು "ಎಳೆದು ತೋರಿಸಿ" ಅನ್ನುತ್ತಾರೆ. ಇಂಜೆಕ್ಷನ್ ಮಾತು ಆಮೇಲೆ.