ಮರಿಯ ತಾಯಿ ಎಲ್ಲಿದೆ?

ನಾಯಿ ಸಾಕಿದ್ದೀವಿ ಅಂದರೆ ಸಾಕು, ‘ಜಾತಿ ನಾಯಿಯಾ, ಕಂತ್ರಿಯಾ?’ ಅಂತ ಕೇಳುತ್ತಾರೆ. ಜಾತಿಯ ಗೀಳು ನಮಗೇನೂ ಹೊಸದಲ್ಲ. ಆದರೆ ನಾಯಿಗೆ ವಂಶಾವಳಿ ಬರೆದಿಡುವ ಪದ್ಧತಿ ಬೇರೂರಿದ್ದು ಬ್ರಿಟನ್ನಿನಲ್ಲಿ.

1859ರಲ್ಲಿ ನ್ಯೂಕಾಸಲ್ ಊರಿನಲ್ಲಿ ಬೇಟೆನಾಯಿಗಳ ಪ್ರದರ್ಶನ ನಡೆಯಿತು. ಮರುವರ್ಷವೇ ಮೇರಿ ಟೀಲ್ಬಿ ಎಂಬಾಕೆ ಲಂಡನ್ನಿನ ಹಾಲೋವೇಯಲ್ಲಿ ದಿಕ್ಕಿಲ್ಲದ ನಾಯಿಗಳಿಗೊಂದು ಆಶ್ರಯ ತೆರೆದಳು. ‘ಟೈಮ್ಸ್’ ಪತ್ರಿಕೆ ಅದನ್ನು ಗೇಲಿ ಮಾಡಿತು. ಅದೇ ಇಂದಿನ ಬ್ಯಾಟರ್‌ಸೀ ಆಶ್ರಯಧಾಮ. ಅಂದರೆ ತಳಿಯ ಮೆರವಣಿಗೆ, ಬೀದಿಪಾಲಾದ ನಾಯಿಯ ಆರೈಕೆ ಎರಡೂ ಹೆಚ್ಚುಕಮ್ಮಿ ಒಟ್ಟಿಗೇ ಶುರುವಾದವು.

1873ರಲ್ಲಿ ತಳಿ ನಾಯಿಗಳ ನೋಂದಣಿ ಮಾಡುವ ಕೆನಲ್ ಕ್ಲಬ್ ಬಂತು, ನಾಯಿಗಳ ಅಪ್ಪ ಅಮ್ಮನ ಹೆಸರು ದಾಖಲಾಗತೊಡಗಿತು. ದಾಖಲೆಯೊಳಗಿನ ನಾಯಿಗಳನ್ನೇ ಮತ್ತೆ ಮತ್ತೆ ಕೂಡಿಸಿದರೆ ಏನಾಗುತ್ತದೆ ಎಂಬುದಕ್ಕೆ ಕ್ಯಾವಲಿಯರ್ ಸ್ಪ್ಯಾನಿಯಲ್ ಸಾಕ್ಷಿ. ಮುದ್ದು ಮುಖದ ಈ ತಳಿಯ ಅದೆಷ್ಟೋ ನಾಯಿಗಳಿಗೆ ಮಿದುಳು ಹಿಡಿಸುವಷ್ಟು ತಲೆಬುರುಡೆಯಿಲ್ಲ. ಬೆನ್ನುಹುರಿಯೊಳಗೆ ನೀರು ತುಂಬಿ ನೋವು ತಿನ್ನುತ್ತವೆ. 2008ರಲ್ಲಿ ಬಿಬಿಸಿ ಸಾಕ್ಷ್ಯಚಿತ್ರ ಇದನ್ನು ಬಯಲು ಮಾಡಿದ ಮೇಲೆ, ತಾಯಿ–ಮಗ, ಅಣ್ಣ–ತಂಗಿ ಕೂಡಿ ಹುಟ್ಟಿದ ಮರಿಗಳ ನೋಂದಣಿಯನ್ನು ಕ್ಲಬ್ ನಿಲ್ಲಿಸಿತು. ಅದಕ್ಕೆ ನೂರಮೂವತ್ತು ಚಿಲ್ಲರೆ ವರ್ಷ ಬೇಕಾಯಿತು!

ಕ್ಲಬ್ಬಿನವರು ತಾಯಿಯ ಹೆಸರನ್ನಾದರೂ ಬರೆದಿಟ್ಟರು. ಮರಿ ಮಾರುವ ಸಂತೆಗೆ ಅದೂ ಬೇಡ. 2013ರಲ್ಲಿ ವೇಲ್ಸ್‌ನ ಮರಿ ಉತ್ಪಾದನಾ ಕೊಟ್ಟಿಗೆಯೊಂದರಿಂದ ಬಿಡಿಸಿ ತಂದ ಲೂಸಿ ಎಂಬ ಹೆಣ್ಣುನಾಯಿಯೂ ಕ್ಯಾವಲಿಯರ್ ತಳಿಯದೇ. ಸೂಲಿನ ಮೇಲೆ ಸೂಲು ಹೊತ್ತು ಬೆನ್ನು ಬಾಗಿತ್ತು. 2016ರಲ್ಲಿ ಸತ್ತಿತು. ಅದರ ಹೆಸರಿನ ಕಾನೂನು 2020ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನಲ್ಲಿ ಜಾರಿಯಾಯಿತು: ಮರಿಯನ್ನು ಅಂಗಡಿ, ದಲ್ಲಾಳಿ ಮಾರುವಂತಿಲ್ಲ, ಆಶ್ರಯಧಾಮದಿಂದ ದತ್ತು ತನ್ನಿ, ಇಲ್ಲವೇ ಮರಿ ಹಾಕಿಸಿ ಸಾಕಿದವರಿಂದಲೇ ಕೊಳ್ಳಿ. ಸಾಕಿದವರು ಮರಿಯನ್ನು ತಾಯಿಯ ಜೊತೆಗೇ ತೋರಿಸಬೇಕು.

ಹಾಗಂತ ತಳಿ ಬೆಳೆಸುವುದೇ ಪಾಪ ಎಂದು ನನಗನ್ನಿಸುವುದಿಲ್ಲ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನು ಹಿಂದೆ ಘೋರ್ಪಡೆ ಅರಸರು ಪೋಷಿಸಿದರು, ಈಗ ತಿಮ್ಮಾಪುರದ ಸಂಶೋಧನಾ ಕೇಂದ್ರ ಉಳಿಸುತ್ತಿದೆ. ಬೇಡವೆಂದು ಕೈಬಿಟ್ಟರೆ ಆ ತಳಿಯೇ ಇರುವುದಿಲ್ಲ.

ನಮ್ಮಲ್ಲಿ 2017ರ ಕೇಂದ್ರ ನಿಯಮದ ಪ್ರಕಾರ ತಳಿ ಬೆಳೆಸುವವರು ನೋಂದಣಿ ಮಾಡಿಸಬೇಕು, ಎಂಟು ವಾರ ತುಂಬದ ಮರಿ ಮಾರಬಾರದು. ಅಂಗಡಿಗಳಿಗೆ 2018ರ ನಿಯಮ ಬಂತು. ಅವೂ ನೋಂದಣಿ ಮಾಡಿಸಿಕೊಂಡು ಮರಿ ಮಾರಬಹುದು. ಗಾಜಿನ ಪೆಟ್ಟಿಗೆಯಲ್ಲಿ ಬಾಲ ಅಲ್ಲಾಡಿಸುವ ಮರಿಯ ತಾಯಿ ಮಾತ್ರ ಕೊಳ್ಳುವವರ ಕಣ್ಣಿಗೆ ಬೀಳುವುದಿಲ್ಲ.