ಹಾರ್ನ್ ಸ್ಪೀಕರ್‌ಗೆ ಸಬ್‌ವೂಫರ್ ಜೋಡಿಸೋದು ಯಾಕಿಷ್ಟು ಕಷ್ಟ?

ಜಾತ್ರೆಯಲ್ಲಿ ಮರಕ್ಕೆ ಕಟ್ಟುತ್ತಿದ್ದ ಮೈಕ್ ಸೆಟ್ಟಿನ ಹಾರ್ನ್ ನೆನಪಿದೆಯಾ? ದೊಡ್ಡ ಆಂಪ್ಲಿಫೈಯರ್ ಏನೂ ಇರುತ್ತಿರಲಿಲ್ಲ. ಆದರೂ ಹಾಡು ಪಕ್ಕದ ಊರಿಗೆ ಕೇಳುತ್ತಿತ್ತು. ಒಂದೊಂದು ಅಕ್ಷರವೂ ಸ್ಪಷ್ಟ. ಮೃದಂಗದ ಎಡಭಾಗದ ಗುಮ್ ಅನ್ನುವ ನಾದ ಮಾತ್ರ ಎಲ್ಲೋ ಕಳೆದುಹೋಗುತ್ತಿತ್ತು.

ಕಾರಣ ಅಳತೆಯಲ್ಲಿದೆ. 40 ಹರ್ಟ್ಸ್ (ಸೆಕೆಂಡಿಗೆ 40 ಕಂಪನ) ಸ್ವರದ ಒಂದು ಅಲೆ ಗಾಳಿಯಲ್ಲಿ ಎಂಟೂವರೆ ಮೀಟರ್ ಉದ್ದ. ಅಷ್ಟು ಉದ್ದದ ಅಲೆಯನ್ನು ಹೊರಗೆ ತಳ್ಳಲು ಹಾರ್ನ್‌ನ ಬಾಯಿ ಗೋಡೆಯಷ್ಟು ಅಗಲ ಇರಬೇಕು.

1930ರ ದಶಕದ ಚಿತ್ರಮಂದಿರಗಳಲ್ಲಿ ಹಾಗೇ ಮಾಡಿದರು. ಗಾಜಿನ ಬುರುಡೆಗಳಿಂದ ನಡೆಯುವ ವಾಲ್ವ್ ಆಂಪ್ಲಿಫೈಯರ್‌ಗಳಿಂದ ಸಿಗುತ್ತಿದ್ದ ಶಕ್ತಿ ತೀರಾ ಕಡಿಮೆ, ಹೆಸರುವಾಸಿ 300ಬಿ ವಾಲ್ವ್ ಒಂದು ಕೊಡುತ್ತಿದ್ದದ್ದು ಸುಮಾರು 8 ವ್ಯಾಟ್. ಒಂದು ವ್ಯಾಟನ್ನೂ ಪೋಲು ಮಾಡುವಂತಿರಲಿಲ್ಲ. ಪರದೆಯ ಹಿಂದೆ ಜಾಗಕ್ಕೆ ಬರವಿರಲಿಲ್ಲ, ದೊಡ್ಡ ಹಾರ್ನ್‌ಗಳನ್ನೇ ನಿಲ್ಲಿಸಿದರು. ಮನೆಗೆ ಅದನ್ನು ತರೋದು ಹೇಗೆ? ಅಮೆರಿಕದ ಅರ್ಕಾನ್ಸಾಸ್‌ನಲ್ಲಿ ಪಾಲ್ ಕ್ಲಿಪ್ಷ್ ಒಂದು ಚಂದದ ಉಪಾಯ ಕಂಡುಕೊಂಡರು. ಬಾಸ್ (ತಗ್ಗಿನ ಸ್ವರ) ಹಾರ್ನನ್ನು ಪೆಟ್ಟಿಗೆಯೊಳಗೆ ಮಡಚಿಟ್ಟು, ಕೋಣೆಯ ಮೂಲೆಯ ಗೋಡೆಗಳನ್ನೇ ಅದರ ಬಾಯಿಯ ಭಾಗವಾಗಿಸಿದರು. 1946ರಲ್ಲಿ ಶುರುವಾದ ಅವರ ಕಂಪನಿ ಆ ಕ್ಲಿಪ್ಷ್‌ಹಾರ್ನ್ ಅನ್ನು ಇವತ್ತಿಗೂ ಮಾಡುತ್ತಿದೆ. ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 105 ಡೆಸಿಬಲ್ ಅಂತ ಅವರ ಲೆಕ್ಕ.

1954ರಲ್ಲಿ ಎಡ್ಗರ್ ವಿಲ್ಚರ್ ತಿರುಗುಮುರುಗಿನ ದಾರಿ ಹಿಡಿದರು. ಅವರ ಎಆರ್-1 ಸ್ಪೀಕರ್ ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆ. ಒಳಗಿನ ಗಾಳಿಯೇ ಸ್ಪ್ರಿಂಗ್. ಅದರ ಬಾಸ್ ಕೇಳಿ ಜನ ಬೆರಗಾದರು. ಆದರೆ ಅದಕ್ಕೆ ವ್ಯಾಟ್ ಜಾಸ್ತಿ ಬೇಕು. ಕೆಎಲ್‌ಎಚ್ ಎಂಬ ಸ್ಪೀಕರ್ ಕಂಪನಿಯ ಹಾಫ್‌ಮನ್ ಹೆಸರಲ್ಲಿ ಒಂದು ನಿಯಮವೇ ಇದೆ: ಆಳದ ಬಾಸ್, ಸಣ್ಣ ಪೆಟ್ಟಿಗೆ, ಕಡಿಮೆ ವ್ಯಾಟಿಗೆ ಜೋರು ಸದ್ದು. ಈ ಮೂರರಲ್ಲಿ ಎರಡು ಸಿಗಬಹುದು, ಮೂರನೆಯದನ್ನು ಬಿಡಬೇಕು. ಟ್ರಾನ್ಸಿಸ್ಟರ್ ಬಂದು ವ್ಯಾಟ್ ಅಗ್ಗವಾದ ಮೇಲೆ ಜನ ಸಣ್ಣ ಪೆಟ್ಟಿಗೆಯನ್ನೇ ಆರಿಸಿಕೊಂಡರು.

ಸಬ್‌ವೂಫರ್ (ಚಿಕ್ಕದಾಗಿ ಸಬ್) ಅಂದರೆ ಆಳದ ಬಾಸ್ ಮಾತ್ರ ನುಡಿಸುವ ಸ್ಪೀಕರ್. ಅದು ಹುಟ್ಟಿದ್ದು ಈ ಎರಡನೇ, ಸಣ್ಣ ಪೆಟ್ಟಿಗೆಯ ಮನೆತನದಲ್ಲಿ. ಶುರುವಿನಲ್ಲಿ ಅದು ಸಂಗೀತದ ಕೂಸೇ ಆಗಿತ್ತು. 1968ರ ಇನ್ಫಿನಿಟಿ ಕಂಪನಿಯ ಸ್ಪೀಕರ್ ಸರ್ವೋ ಸ್ಟಾಟಿಕ್‌ನಲ್ಲಿ ತೆಳು ಸ್ಥಾಯಿವಿದ್ಯುತ್ ಪರದೆಗಳಿಗೆ ನೆರವಾಗಿ 18 ಇಂಚಿನ ವೂಫರ್ (ಬಾಸ್ ಸ್ಪೀಕರ್) ಇತ್ತು. 1973ರಲ್ಲಿ ಕೆನ್ ಕ್ರೈಸೆಲ್ ಸ್ಟೀಲಿ ಡ್ಯಾನ್ ತಂಡದ ಆಲ್ಬಮ್ ಮಿಕ್ಸಿಂಗ್‌ಗೆ ಸಬ್ ಮಾಡಿಕೊಟ್ಟರು. ಆಮೇಲೆ ಸಿನಿಮಾ ಅದನ್ನು ಎಳೆದುಕೊಂಡಿತು. 1974ರಲ್ಲಿ ಭೂಕಂಪದ ಚಿತ್ರವೊಂದಕ್ಕೆ ಚಿತ್ರಮಂದಿರಗಳನ್ನೇ ನಡುಗಿಸಿದರು. 1992ರಲ್ಲಿ ಬಂದ ಸಿನಿಮಾ ಧ್ವನಿ ಪದ್ಧತಿ ಡಾಲ್ಬಿ ಡಿಜಿಟಲ್‌ನಲ್ಲಿ ಗುಡುಗು, ಸ್ಫೋಟಗಳ ಆಳದ ಸದ್ದಿಗೇ ಒಂದು ಚಾನೆಲ್. ಅಂಗಡಿಗಳಲ್ಲಿ ಇವತ್ತು ಕಾಣುವ ಸಬ್‌ಗಳಲ್ಲಿ ಬಹುಪಾಲು ಹೋಮ್ ಥಿಯೇಟರ್‌ಗೆಂದೇ ಮಾಡಿದವು.

ಇಂಥ ಸಬ್ಬನ್ನು ಹಾರ್ನ್ ಪಕ್ಕ ಇಟ್ಟರೆ ಏನಾಗುತ್ತದೆ? "ಒಂದು ವ್ಯಾಟಿಗೆ ನನ್ನ ಸ್ಪೀಕರ್ 100 ಡೆಸಿಬಲ್, ಸಬ್ 88, ಹೊಂದೋದಿಲ್ಲ" ಅಂತ ಹಲವರು ಹೆದರುತ್ತಾರೆ. ಅದು ತಪ್ಪು ಹೆದರಿಕೆ. ಸಬ್‌ಗೆ ತನ್ನದೇ ಆಂಪ್ಲಿಫೈಯರ್ ಇದೆ, ವಾಲ್ಯೂಮ್ ತಿರುಗಿಸಿ ಸಮ ಮಾಡಬಹುದು. ನಿಜವಾದ ತೊಂದರೆ ಹಠಾತ್ತನೆ ಬರುವ ಪೆಟ್ಟಿನದು. ಹತ್ತು ವ್ಯಾಟಿಗೇ ಕ್ಲಿಪ್ಷ್ ಅವರ ಆ ಮೂಲೆಯ ಹಾರ್ನ್ 115 ಡೆಸಿಬಲ್ ಮುಟ್ಟುತ್ತದೆ, ಅದೂ ಏದುಸಿರು ಬಿಡದೆ. ಸಬ್ ಕೂಡ ಅಷ್ಟೇ ನಿರಾಳವಾಗಿ ಜೊತೆಗೆ ಬರಬೇಕು. ಅಷ್ಟೇ ಸದ್ದಿಗೆ ಒಂದು ಸ್ಥಾಯಿ ಕೆಳಗಿಳಿದರೆ (ಹರ್ಟ್ಸ್ ಅರ್ಧವಾದರೆ) ಕೋನ್, ಅಂದರೆ ಸ್ಪೀಕರ್‌ನ ಅಲುಗಾಡುವ ಶಂಕು, ನಾಲ್ಕು ಪಟ್ಟು ಹೆಚ್ಚು ಚಲಿಸಬೇಕು. ಎಂಟು ಇಂಚಿನ ಪುಟ್ಟ ಸಬ್ ಇಲ್ಲಿ ಸೋಲುತ್ತದೆ. ಹಾರ್ನ್ ಹಗುರಾಗಿ ಹಾಡುತ್ತಿರುತ್ತದೆ, ಕೆಳಗೆ ಮಾತ್ರ ಸದ್ದು ಬಿಗಿದುಕೊಂಡಂತೆ ಕೇಳುತ್ತದೆ. ಕಿವಿಗೆ ತಕ್ಷಣ ಗೊತ್ತಾಗುತ್ತದೆ ಅಲ್ವಾ?

ಹಾಗಾಗಿ ಪೆಟ್ಟಿಗೆ ಮೇಲೆ ಬರೆದ ವ್ಯಾಟ್ ನೋಡಿ ಕೊಳ್ಳಬೇಡಿ. ಕೋನ್ ದೊಡ್ಡದಿರಲಿ: 12 ಇಂಚು, ಸಾಧ್ಯವಾದರೆ 15. ಒಂದರ ಬದಲು ಎರಡು ಇಟ್ಟರೆ ಇನ್ನೂ ಒಳ್ಳೆಯದು, ಪ್ರತಿಯೊಂದರ ಕೆಲಸ ಅರ್ಧವಾಗುತ್ತದೆ, ಕೋಣೆಯಲ್ಲಿ ಜಾಗದಿಂದ ಜಾಗಕ್ಕೆ ಬಾಸ್‌ನ ಏರಿಳಿತವೂ ತಗ್ಗುತ್ತದೆ. 16 ಹರ್ಟ್ಸ್‌ವರೆಗೂ ಇಳಿಯುವ ಸಬ್ ಬೇಕೇ ಬೇಕು ಅಂತೇನಿಲ್ಲ. ಬಾಸ್ ಗಿಟಾರಿನ ಅತಿ ಕೆಳಗಿನ ತಂತಿ 41 ಹರ್ಟ್ಸ್, ಪಿಯಾನೋದ ಕೊನೆಯ ಮನೆ 27.5. ದೊಡ್ಡ ಪೈಪ್ ಆರ್ಗನ್ ಕೇಳುವವರಿಗಷ್ಟೇ ಅದಕ್ಕಿಂತ ಆಳ ಬೇಕು.

ವಾಲ್ವ್ ಆಂಪ್ಲಿಫೈಯರ್ ಇರುವವರು ಇನ್ನೊಂದು ನೋಡಬೇಕು. ಸಬ್‌ಗೆ ಬೇರೆ ಔಟ್‌ಪುಟ್ ಇಲ್ಲದ ಆಂಪ್ಲಿಫೈಯರ್‌ಗಳೇ ಹೆಚ್ಚು. 1990ರಲ್ಲಿ ವೇಲ್ಸ್‌ನಲ್ಲಿ ರಿಚರ್ಡ್ ಲಾರ್ಡ್ ಶುರು ಮಾಡಿದ ರೆಲ್ ಎಂಬ ಸಬ್ ಕಂಪನಿ, ಸ್ಪೀಕರ್ ತಂತಿ ಸಿಕ್ಕಿಸುವ ಕಡೆಯಿಂದಲೇ ಸಂಕೇತ ಪಡೆಯುವ ದಾರಿಯನ್ನು ಜನಪ್ರಿಯ ಮಾಡಿತು. ಆ ಇನ್‌ಪುಟ್ ಆಂಪ್ಲಿಫೈಯರ್ ಮೇಲೆ ಹೊರೆ ಹಾಕುವುದಿಲ್ಲ. ವಾಲ್ವಿನ ಗುಣ ಸಬ್‌ಗೂ ದಾಟುತ್ತದೆ. ನನಗೆ ಇದೇ ಇಷ್ಟ.

ಕೊನೆಯದು ಸಮಯ. ಮಡಚಿದ ಬಾಸ್ ಹಾರ್ನ್‌ನೊಳಗೆ ಸದ್ದು ಸುತ್ತಿ ಬಳಸಿ ಬರುತ್ತದೆ, ಹಾಗಾಗಿ ಸಬ್ ಮೊದಲೇ ನುಡಿದುಬಿಡಬಹುದು. ಸಬ್‌ನೊಳಗೆ ಡಿಜಿಟಲ್ ಸಂಸ್ಕರಣೆ ಇದ್ದರೆ ಉಲ್ಟಾ: ಐದು ಮಿಲಿಸೆಕೆಂಡ್ ತಡವಾದರೂ ಸಬ್ಬನ್ನು 1.7 ಮೀಟರ್ ಹಿಂದೆ ತಳ್ಳಿದಂತೆ. ಕೊಳ್ಳುವ ಮುಂಚೆ ಮನೆಗೆ ತಂದು, ಬಾಸ್ ಒಂದೇ ಲಯದಲ್ಲಿ ನಡೆಯುವ ಹಾಡು ಹಾಕಿ, ಸಬ್ಬನ್ನು ಒಂದೊಂದು ಅಡಿ ಸರಿಸುತ್ತಾ ಕೇಳಿ. ಜಾಗ ಸರಿಯಾದಾಗ ಸಬ್ ಇರುವುದೇ ಗೊತ್ತಾಗುವುದಿಲ್ಲ. ಆಫ್ ಮಾಡಿದರೆ ಮಾತ್ರ ಮೃದಂಗದ ಎಡಗೈ ಮತ್ತೆ ಮಾಯವಾಗುತ್ತದೆ.